ಕೆನ್ಯಾಗೆ ಒಂದು ತಿಂಗಳ ಕೆಲಸಕ್ಕೆ ಹೋಗುವವರಿಗೂ ಹಳದಿ ಜ್ವರದ ಲಸಿಕೆ ಬೇಕಾ?

ಬೇಕು. ಭಾರತದಿಂದ ನೇರವಾಗಿ ಹೋಗುವವರಿಗೆ ಕೆನ್ಯಾ ಈ ಲಸಿಕೆಯನ್ನು ಕಡ್ಡಾಯ ಮಾಡಿಲ್ಲ. ಆದರೆ ವಾಪಸ್ ಬರುವಾಗ ಲಸಿಕೆಯ ಸರ್ಟಿಫಿಕೇಟ್ ಕೇಳೋದು ನಮ್ಮ ವಿಮಾನ ನಿಲ್ದಾಣದಲ್ಲೇ! ಸರ್ಟಿಫಿಕೇಟ್ ಇಲ್ಲದಿದ್ದರೆ 6 ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು.

ಇಷ್ಟೊಂದು ಬಿಗಿ ಯಾಕೆ? ಹಳದಿ ಜ್ವರ ನಮ್ಮಲ್ಲಿಲ್ಲ, ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ಮನೆಮನೆಯಲ್ಲೂ ಇದೆ. ಡೆಂಗಿ ತರೋದೂ ಅದೇ ಅಲ್ವಾ? ಸೋಂಕು ತಗುಲಿದ ಒಬ್ಬರು ಬಂದರೂ ಸಾಕು, ಇಲ್ಲೂ ಹಬ್ಬಬಹುದು. ಹಾಗಾಗಿ ಈ ನಿಯಮ ನನಗೆ ಸರಿ ಅನಿಸುತ್ತದೆ.

ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವೇ ಸರ್ಟಿಫಿಕೇಟ್‌ಗೆ ಬೆಲೆ. ಆದ್ದರಿಂದ ಕೊನೇ ವಾರದವರೆಗೆ ಕಾಯಬೇಡಿ. ಎಲ್ಲ ಆಸ್ಪತ್ರೆಗಳಲ್ಲೂ ಸಿಗುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಕ್ಕೇ ಹೋಗಬೇಕು. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. 2016ರ ಜುಲೈಗಿಂತ ಮುಂಚೆ 10 ವರ್ಷ ಅಂತಿತ್ತು. ಆ ಹಳೇ ಕಾರ್ಡ್ ಈಗಲೂ ಸಲ್ಲುತ್ತದೆ.

ಇದು ಜೀವಂತ ವೈರಸ್ಸನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. ಗರ್ಭಿಣಿಯರು, 60 ದಾಟಿದವರು, ಮೊಟ್ಟೆ ತಿಂದರೆ ಜೋರು ಅಲರ್ಜಿ ಆಗುವವರು ಮೊದಲೇ ವೈದ್ಯರಿಗೆ ಹೇಳಿ. ಸರ್ಟಿಫಿಕೇಟ್ ಇರುವ ಹಳದಿ ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆಗೇ ಕೈಚೀಲದಲ್ಲಿಡಿ.