ಒಂದೇ ದಿನ ಬೆಂಗಳೂರಿನಾಗ ಮಕ್ಳಿಗೆ ಏನ್ ತೋರ್ಸೋದು?
ಸರ, ಕೊಪ್ಪಳದಿಂದ ಹಂಪಿ ಎಕ್ಸ್‌ಪ್ರೆಸ್‌ಗೆ ಹೊಂಟೀವಿ, ಆರು ಮತ್ತ ಒಂಬತ್ತು ವರ್ಷದ ಮಕ್ಳು, ಒಂದೇ ದಿನ ಐತಿ ಅಂತ ಕೇಳೀರಿ. ನಾನು ಗಂಗಾವತಿಯಾಂವ, ಹೋದ ವರ್ಷ ಮಗನ್ನ ಕರ್ಕೊಂಡು ಹೋಗಿದ್ದೆ. ಸೀದಾ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಿಜ್ಞಾನ ಮ್ಯೂಸಿಯಂಗೆ ಹೋಗ್ರಿ. ಬರೇ ದೂರದಿಂದ ನೋಡಿ ಬರೋ ಜಾಗ ಅಲ್ಲದು, ಮಕ್ಳು ತಾವೇ ಗುಂಡಿ ಒತ್ತಿ, ಹಿಡಿಕಿ ತಿರುಗ್ಸಿ ಹೆಂಗ್ ನಡೀತೈತಿ ಅಂತ ನೋಡ್ಬೋದು, ರೈಟ್ ಸೋದರರು 1903ರಾಗ ಹಾರ್ಸಿದ ವಿಮಾನದ್ದು ಅಷ್ಟೇ ದೊಡ್ಡ ಮಾದರಿ ಐತಿ, ನನ್ ಮಗ ಅದರ ಮುಂದಿಂದ ಅರ್ಧ ತಾಸು ಕದಲ್ಲೇ ಇಲ್ಲ. ಬೆಳಿಗ್ಗೆ ಬಾಗ್ಲಾ ತೆಗೆಯೋ ಹೊತ್ತಿಗೇ ಹೋಗ್ರಿ, ಆಮ್ಯಾಲೆ ಶಾಲಿ ಮಕ್ಳು ಬಂದ್ರ ಭಾಳ ಗದ್ಲ. ರೈಲ್ವೆ ಸ್ಟೇಷನ್ನಿಂದ ನೇರಳೆ ಮೆಟ್ರೋ ಹಿಡಿದು ಕಬ್ಬನ್ ಪಾರ್ಕ್‌ನಾಗ ಇಳೀರಿ, ಅಲ್ಲಿಂದ ನಡ್ಕೊಂಡೇ ಹೋಗ್ಬೋದು. ಮಧ್ಯಾಹ್ನ ನೆಹರೂ ತಾರಾಲಯದಾಗ ಕನ್ನಡ ಶೋ ನೋಡ್ರಿ, ಸೋಮವಾರ ಅದಕ್ಕ ರಜಾ.
ಇನ್ನೊಂದು ಮಾತು, ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಮ್ಯೂಸಿಯಂ ಮಕ್ಳಿಗೆ ತೋರ್ಸೀರೇನ್ರಿ? ಇಲ್ಲಾಂದ್ರ ಒಂದ್ ದಿನ ಬಿಡುವು ಮಾಡ್ಕೊಳ್ರಿ, ನಮ್ ಕಡೆ ಗುಡ್ಡದಾಗ ಸಾವಿರಾರು ವರ್ಷದ ಹಿಂದ ಮಾಡಿದ ಕಲ್ಲಿನ ಕೊಡ್ಲಿ ಅದಾವ ಅಲ್ಲಿ.