ಲಾರಿ ಪ್ರಶ್ನೋತ್ತರ: ಹಳೇ ಕ್ರೌನ್, ಹೊಸ ಪೇಂಟು

ಪ್ರಶ್ನೆ: ನನ್ನದು ಹತ್ತು ಚಕ್ರದ ಲಾರಿ, ಜಲ್ಲಿ ಹೊಡೆಯುತ್ತೇನೆ. ಏರಿನಲ್ಲಿ ಹಿಂದಿನ ಆಕ್ಸಲ್ ಹೌಸಿಂಗ್‌ನಿಂದ ಗುಂಯ್ ಅನ್ನುವ ಸದ್ದು ಬರುತ್ತಿದೆ. ಕ್ರೌನ್ ಪಿನಿಯನ್ (ಹಿಂದಿನ ಚಕ್ರ ತಿರುಗಿಸುವ ದೊಡ್ಡ, ಚಿಕ್ಕ ಹಲ್ಲುಗಾಲಿಗಳ ಜೋಡಿ) ಹೋಗಿದೆ ಅಂತಾರೆ. ಒಂದು ಅಂಗಡಿಯವರು ರೀಕಂಡೀಷನ್ ಸೆಟ್ ಕೊಡುತ್ತೇವೆ, ನಿಮ್ಮ ಹಳೆಯದು ಬಿಟ್ಟುಹೋಗಿ ಅಂದರು. ನಂಬಬಹುದಾ? ಹಳೆಯದು ಅವರಿಗೆ ಯಾಕೆ?
– ಓದುಗರು, ಹಿರಿಯೂರು

ಉತ್ತರ: ಹಳೆಯದೇ ನಮ್ಮ ಕಸುಬಿನ ಬಂಡವಾಳ ಸ್ವಾಮಿ. ಅಪ್ಪ ಶುರು ಮಾಡಿದ ಗ್ಯಾರೇಜನ್ನು ಈಗ ನಾನು, ನನ್ನ ತಮ್ಮ ನೋಡಿಕೊಳ್ಳುತ್ತೇವೆ. ನೀವು ಬಿಟ್ಟುಹೋದ ಸೆಟ್ಟನ್ನು ಬಿಚ್ಚಿ, ತೊಳೆದು, ಕೆಟ್ಟದ್ದನ್ನು ಬದಲಾಯಿಸಿ ಮುಂದಿನ ಗಿರಾಕಿಗೆ ಕೊಡುತ್ತೇವೆ. ಹಾಗಾಗಿ ಅದಕ್ಕೂ ಬೆಲೆ ಇದೆ. ಎಷ್ಟು ಹಿಡಿದರು ಅಂತ ಬಿಲ್ಲಿನಲ್ಲೇ ಬರೆಸಿ.

ಅದಕ್ಕೂ ಮೊದಲು ಆಯಿಲ್ ಇಳಿಸಿ ನೋಡಿ. ಬೇರಿಂಗ್ ಹೋದರೂ ಇಂಥದ್ದೇ ಸದ್ದು ಬರುತ್ತದೆ. ಡ್ರೈನ್ ಬೋಲ್ಟಿನ ಮ್ಯಾಗ್ನೆಟ್‌ಗೆ ಕಬ್ಬಿಣದ ಚೂರು ಅಂಟಿದ್ದರೆ ಬಿಚ್ಚಲೇಬೇಕು. ನಯವಾದ ಬೂದಿಯಂಥ ಪುಡಿ ಇದ್ದರೆ ಅದು ಮಾಮೂಲಿ ಸವೆತ.

ಇನ್ನು ನಂಬಿಕೆ. ಕರಿ ಪೇಂಟು ಹೊಡೆದರೆ ಎಲ್ಲವೂ ಹೊಸದೇ ಅಲ್ವಾ? ಹೌಸಿಂಗ್‌ಗೆ ಕೂರಿಸುವ ಮೊದಲೇ ಹೋಗಿ ಹಲ್ಲು ನೋಡಿ. ಕ್ರೌನ್ ಮೇಲೂ ಪಿನಿಯನ್ ಮೇಲೂ ಒಂದೇ ಜೋಡಿ ನಂಬರ್ ಕೆತ್ತಿರಬೇಕು. ಕಾರ್ಖಾನೆಯಲ್ಲಿ ಎರಡನ್ನೂ ಒಟ್ಟಿಗೆ ಉಜ್ಜಿ ಹೊಂದಿಸಿರುತ್ತಾರೆ. 41/7 ಸೆಟ್ಟನ್ನೇ ತಗೊಳ್ಳಿ. ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 7. ಓಡುತ್ತಾ ಓಡುತ್ತಾ ಪಿನಿಯನ್‌ನ ಪ್ರತಿ ಹಲ್ಲೂ ಕ್ರೌನ್‌ನ ಪ್ರತಿ ಹಲ್ಲನ್ನೂ ಮುಟ್ಟುತ್ತದೆ. ಎರಡೂ ಒಂದಕ್ಕೊಂದು ಸವೆದು ಪಳಗಿರುತ್ತವೆ. ನಡುವೆ ಒಂದನ್ನು ಬದಲಾಯಿಸಿದರೆ ಜಗಳ ಶುರು.

ಕಸುಬಿಗೆ ಹೊಸಬನಾಗಿದ್ದಾಗ ನಾನೂ, ಗಿರಾಕಿಯೊಬ್ಬರು ದಮ್ಮಯ್ಯ ಅಂದರು ಅಂತ ಬರೀ ಪಿನಿಯನ್ ಹಾಕಿಕೊಟ್ಟಿದ್ದೆ. ತಿಂಗಳೊಳಗೆ ಲಾರಿ ವಾಪಸ್ ಬಂತು. ಅಪ್ಪ ಬೈಯಲಿಲ್ಲ. ಇಡೀ ಸೆಟ್ಟಿನ ದುಡ್ಡು ನನ್ನ ಸಂಬಳದಲ್ಲಿ ಮುರಿದುಕೊಂಡರು, ಅಷ್ಟೇ.

ಹಲ್ಲಿಗೆ ಗುರುತು ಬೀಳುವ ನೀಲಿ ಬಣ್ಣ ಸವರಿ ತಿರುಗಿಸಲು ಹೇಳಿ. ಗುರುತು ಹಲ್ಲಿನ ನಡುಭಾಗದಲ್ಲಿ ಬೀಳಬೇಕು, ತುದಿಯಲ್ಲಲ್ಲ. ಹಲ್ಲುಗಳ ನಡುವೆ ಪ್ಲೇ, ಅಂದರೆ ಸಡಿಲ, ಎಷ್ಟಿದೆ ಅಂತ ಡಯಲ್ ಗೇಜಿನಲ್ಲಿ ತೋರಿಸಲಿ. ಕೈಯಲ್ಲಿ ಅಲ್ಲಾಡಿಸಿ 'ಸರಿ ಇದೆ' ಅಂದರೆ ಅಲ್ಲಿಂದ ಎದ್ದು ಬನ್ನಿ. ಕ್ರೌನ್ ಕೂರುವ ಕೇಸ್, ಅದರೊಳಗಿನ ಚಿಕ್ಕ ಹಲ್ಲುಗಾಲಿಗಳಾದ ಸ್ಟಾರ್ ಪಿನಿಯನ್ ಚೆನ್ನಾಗಿದ್ದರೆ ಹಳೆಯದೇ ಇರಲಿ. ಬೇರಿಂಗ್, ಆಯಿಲ್ ಸೀಲ್ ಮಾತ್ರ ಹೊಸದೇ ಆಗಬೇಕು. ಮುರಿದ ಹಲ್ಲಿಗೆ ವೆಲ್ಡಿಂಗ್ ತುಂಬಿ ಉಜ್ಜಿದ ಕ್ರೌನನ್ನು ಬಿಟ್ಟಿ ಕೊಟ್ಟರೂ ಬೇಡ. ಹಲ್ಲಿನ ಗಟ್ಟಿತನ ಇರುವುದು ಮೇಲಿನ ತೆಳು ಪದರದಲ್ಲಿ. ವೆಲ್ಡಿಂಗ್ ಬಿಸಿಗೆ ಅದು ಹಾಳಾಗಿರುತ್ತದೆ.

ನಮ್ಮಲ್ಲಿ ಬಿರುಕು ಬಿಟ್ಟ ಕ್ರೌನನ್ನು ಗುಜರಿಗೆ ಹಾಕುವ ಮೊದಲು ಗ್ಯಾಸ್ ಕಟರ್‌ನಲ್ಲಿ ಎರಡು ತುಂಡು ಮಾಡುತ್ತೇವೆ. ಇಡಿಯಾಗಿ ಕೊಟ್ಟರೆ ಪೇಂಟು ಬಳಿದುಕೊಂಡು ಯಾರದೋ ಲಾರಿಗೆ ಹೋಗುತ್ತದೆ. ನೀವು ಕೇಳಿದ ಅಂಗಡಿಯವರು ಬಿರುಕು ಬಿಟ್ಟದ್ದನ್ನು ಏನು ಮಾಡುತ್ತಾರೆ ಅಂತ ಸುಮ್ನೆ ಒಂದು ಮಾತು ಕೇಳಿ ನೋಡಿ.

ಪ್ರಶ್ನೆ: ಗುಜರಿಯಲ್ಲಿ ಒಳ್ಳೆ ಇಂಜಿನ್ ಸಿಕ್ಕಿದೆ. ನನ್ನ ಲಾರಿಗೆ ಕೂರಿಸಬಹುದಾ?
– ಓದುಗರು, ಕೊಪ್ಪಳ

ಉತ್ತರ: ಕೂರಿಸಬಹುದು, ಆದರೆ ಆರ್‌ಟಿಓ ಕಚೇರಿಗೆ ಹೋಗಿ ಆರ್‌ಸಿಯಲ್ಲಿ ಇಂಜಿನ್ ನಂಬರ್ ಬದಲಾಯಿಸಿಕೊಳ್ಳಬೇಕು. ಇಲ್ಲದಿದ್ದರೆ ಎಫ್‌ಸಿಗೂ (ಫಿಟ್‌ನೆಸ್ ಸರ್ಟಿಫಿಕೇಟಿಗೂ) ತೊಂದರೆ, ಇನ್ಶೂರೆನ್ಸ್‌ಗೂ ತೊಂದರೆ. ನಂಬರ್ ಬರೆದ ಬಿಲ್ ಕೊಡಲ್ಲ ಅಂದರೆ ಅದು ಕದ್ದ ಲಾರಿಯದ್ದೂ ಇರಬಹುದು. ಬಿಟ್ಟುಬಿಡಿ.