ಸೆಟಲ್‌ಮೆಂಟ್ ಬೇಡ ಅಂತ ಹೊರಗೆ ಬಂದ್ರೆ ಜಾಸ್ತಿ ದುಡ್ಡು ಸಿಗುತ್ತಾ?

ಪ್ರಶ್ನೆ: ಸರ್, ನಮ್ಮೂರು ಹಾಸನ, ಈಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿದೀವಿ. ಇಲ್ಲಿನ ಒಂದು ಕಂಪನಿಯಿಂದ ನಮ್ಮ ಡೇಟಾ ಲೀಕ್ ಆಗಿತ್ತು. ಆಮೇಲೆ ಯಾರೋ ನನ್ನ ಸೋಷಿಯಲ್ ಸೆಕ್ಯುರಿಟಿ ನಂಬರ್ (ಇಲ್ಲಿನ ಸರ್ಕಾರ ಕೊಡೋ ಗುರುತಿನ ಸಂಖ್ಯೆ) ಇಟ್ಕೊಂಡು ಲೋನ್ ತಗೊಂಡ್ರು, ಅದನ್ನ ಬಗೆಹರಿಸ್ಕೊಳ್ಳೋಕೆ ಲಾಯರ್ ಫೀಸು ಅದೂ ಇದೂ ಸೇರಿ ಸುಮಾರು 4,000 ಡಾಲರ್ ಕೈಯಿಂದ ಹೋಯ್ತು. ಈಗ ಕ್ಲಾಸ್ ಆಕ್ಷನ್ (ತೊಂದರೆಯಾದ ಎಲ್ಲರ ಪರವಾಗಿ ಒಟ್ಟಿಗೆ ನಡೆಸೋ ಕೇಸ್) ಸೆಟಲ್‌ಮೆಂಟ್ ಅಂತ ಪೋಸ್ಟ್‌ಕಾರ್ಡ್ ಬಂದಿದೆ, ನನಗೊಂದು, ನನ್ನ ಹೆಂಡತಿಗೊಂದು. ಅವಳು "ಬರೋ ನೂರು ಡಾಲರ್ ತಗೊಂಡು ಸುಮ್ನಿರಿ" ಅಂತಾಳೆ. ಆಫೀಸಲ್ಲಿ ಒಬ್ರು "ಆಪ್ಟ್ ಔಟ್ ಮಾಡಿ, ಅಂದ್ರೆ ಸೆಟಲ್‌ಮೆಂಟಿನಿಂದ ಹೊರಗೆ ಬಂದು, ನೀವೇ ಕೇಸ್ ಹಾಕಿ, ಸಾವಿರಾರು ಬರುತ್ತೆ" ಅಂತಾರೆ. ಏನ್ಮಾಡ್ಲಿ?

ಉತ್ತರ: ಇಬ್ರ ಮಾತೂ ಸದ್ಯಕ್ಕೆ ಪಕ್ಕಕ್ಕಿಡಿ. ಆ ನೂರು ಡಾಲರ್ ಅನ್ನೋದು ಏನೂ ದಾಖಲೆ ಕೊಡದೇ ಕೇಳೋರಿಗೆ ಇಟ್ಟಿರೋ ದುಡ್ಡು. ನಿಮ್ಮ ಹತ್ರ ಬಿಲ್ಲು, ಪೊಲೀಸ್ ರಿಪೋರ್ಟು, ಬ್ಯಾಂಕಿನ ಪತ್ರ ಎಲ್ಲಾ ಇದ್ರೆ ನೀವು ಆ ಸಾಲಲ್ಲಿ ನಿಲ್ಲಬೇಕಾದವರೇ ಅಲ್ಲ. ಪೋಸ್ಟ್‌ಕಾರ್ಡ್‌ನಲ್ಲಿ ಎಲ್ಲಾ ಬರೆಯೋಕೆ ಜಾಗ ಇರಲ್ಲ, ಅದರಲ್ಲಿರೋ ವೆಬ್‌ಸೈಟಿಗೆ ಹೋಗಿ ಪೂರ್ತಿ ನೋಟಿಸ್ ಓದಿ. ದಾಖಲೆ ಇರೋ ನಷ್ಟಕ್ಕೆ ಎಷ್ಟರವರೆಗೆ ಕೊಡ್ತಾರೆ ಅಂತ ಅಲ್ಲಿ ಇರುತ್ತೆ, ನಿಮ್ಮ ನಿರ್ಧಾರ ನಿಂತಿರೋದೇ ಆ ಒಂದು ಸಂಖ್ಯೆ ಮೇಲೆ.

ಜನರ ಸಾಲದ ಲೆಕ್ಕ ಇಡೋ ಈಕ್ವಿಫ್ಯಾಕ್ಸ್ ಅನ್ನೋ ಕಂಪನಿಯ ಕೇಸೇ ನೋಡಿ. 2017ರಲ್ಲಿ ಸುಮಾರು 14.7 ಕೋಟಿ ಜನರ ಮಾಹಿತಿ ಕದ್ದು ಹೋಗಿತ್ತು, 2019ರಲ್ಲಿ ಸೆಟಲ್‌ಮೆಂಟ್ ಆಯ್ತು. ಎಲ್ಲರ ಬಾಯಲ್ಲೂ 125 ಡಾಲರ್ ಅನ್ನೋದೇ ಮಾತು, ಆದ್ರೆ ಅದಕ್ಕೆ ಅಂತ ಇಟ್ಟಿದ್ದು ಬರೀ 3.1 ಕೋಟಿ ಡಾಲರ್, ಜನ ಮುಗಿಬಿದ್ದ ಮೇಲೆ ಒಬ್ಬೊಬ್ರ ಪಾಲು ತೀರಾ ಕಮ್ಮಿ ಆಗೋಯ್ತು. ಅದೇ ಸೆಟಲ್‌ಮೆಂಟಲ್ಲಿ ನಿಜವಾಗಿ ನಷ್ಟ ಆಗಿದೆ ಅಂತ ದಾಖಲೆ ಕೊಟ್ಟೋರು 20,000 ಡಾಲರ್ ತನಕ ಕೇಳಬಹುದಿತ್ತು, ಲಾಯರ್ ಫೀಸೂ ಅದರಲ್ಲಿ ಸೇರ್ತಿತ್ತು, ಓಡಾಡಿ ಫೋನ್ ಮಾಡಿ ಹಾಳಾದ ಸಮಯಕ್ಕೂ ಗಂಟೆಗೆ 25 ಡಾಲರ್ ಲೆಕ್ಕ ಇತ್ತು. ಇದನ್ನ ಓದಿದವರು ಕಮ್ಮಿ ಅನ್ನೋದೇ ನನಗೆ ಬೇಜಾರು.

ಈಗ ಆಪ್ಟ್ ಔಟ್ ವಿಷಯ. ನೀವು ಏನೂ ಮಾಡದೇ ಕೂತ್ರೆ ನೀವು ಕ್ಲಾಸಿನ, ಅಂದ್ರೆ ಆ ಕೇಸಿಗೆ ಸೇರಿದ ಗುಂಪಿನ, ಒಳಗೇ ಇದ್ದೀರಿ ಅಂತ ಅರ್ಥ, ದುಡ್ಡೂ ಬರಲ್ಲ, ಮುಂದೆ ಅದೇ ವಿಷಯಕ್ಕೆ ಕಂಪನಿ ಮೇಲೆ ಕೇಸ್ ಹಾಕೋ ಹಕ್ಕೂ ಹೋಗುತ್ತೆ. ಇದಕ್ಕಿಂತ ಕೆಟ್ಟ ಆಯ್ಕೆ ಇನ್ನೊಂದಿಲ್ಲ, ಬಹಳಷ್ಟು ಜನ ಮಾಡೋದೂ ಅದನ್ನೇ. ಕ್ಲೇಮ್ ಹಾಕಿದ್ರೆ ದುಡ್ಡು ಬರುತ್ತೆ, ಹಕ್ಕು ಹೋಗುತ್ತೆ. ಆಪ್ಟ್ ಔಟ್ ಮಾಡಿದ್ರೆ ಸೆಟಲ್‌ಮೆಂಟಿನಿಂದ ಒಂದು ಪೈಸೆ ಬರಲ್ಲ, ಹಕ್ಕು ಮಾತ್ರ ನಿಮ್ಮ ಹತ್ರ ಉಳಿಯುತ್ತೆ. ಇನ್ನೊಂದು ದಾರಿ ಆಬ್ಜೆಕ್ಷನ್, ಅಂದ್ರೆ ಒಳಗಿದ್ಕೊಂಡೇ ಈ ಒಪ್ಪಂದ ಸರಿಯಿಲ್ಲ ಅಂತ ಜಡ್ಜ್‌ಗೆ ಬರೆಯೋದು. ಹೊರಗೆ ಹೋದವರಿಗೆ ಆ ಅವಕಾಶ ಇಲ್ಲ.

ಹಕ್ಕು ಉಳಿಸ್ಕೊಂಡು ಏನ್ಮಾಡ್ತೀರಿ ಅನ್ನೋದೇ ಪ್ರಶ್ನೆ. ಐಟಿ ಕಂಪನಿ ಸತ್ಯಂನ ಸುಳ್ಳು ಲೆಕ್ಕದ ಹಗರಣ ನೆನಪಿರಬೇಕಲ್ಲ, 2009ರದ್ದು. ಅಮೆರಿಕದಲ್ಲಿ ಹೂಡಿಕೆದಾರರ ಕ್ಲಾಸ್ ಆಕ್ಷನ್ ಆಗಿ 2011ರಲ್ಲಿ ಕಂಪನಿ 12.5 ಕೋಟಿ ಡಾಲರಿಗೆ ಒಪ್ಕೊಳ್ತು. ಅಬರ್ಡೀನ್ ಅನ್ನೋ ಫಂಡ್ ಸಂಸ್ಥೆಯವ್ರು ಬೇರೆಯಾಗೇ ಹೋರಾಡಿ, ಲಂಡನ್ನಿನ ಕೇಸಲ್ಲಿ 2012ರಲ್ಲಿ 6.8 ಕೋಟಿ ಡಾಲರಿಗೆ ರಾಜಿ ಮಾಡ್ಕೊಂಡ್ರು. ಹೊರಗೆ ನಿಂತು ಗೆಲ್ಲೋದು ಅಂದ್ರೆ ಸಾಮಾನ್ಯವಾಗಿ ಇಂಥೋರು, ನಷ್ಟ ಕೋಟಿಗಟ್ಟಲೆ, ಲಾಯರ್‌ಗಳ ದೊಡ್ಡ ಪಡೆ. (ಆಗ ನಮ್ಮ ದೇಶದ ಷೇರುದಾರರಿಗೆ ಇಂಥ ಕೇಸ್ ಹಾಕೋಕೆ ಸರಿಯಾದ ಕಾನೂನೇ ಇರಲಿಲ್ಲ, ಆಮೇಲೆ 2013ರ ಕಂಪನಿ ಕಾಯ್ದೆಯ 245ನೇ ಸೆಕ್ಷನ್ ಬಂತು.)

ನಿಮ್ಮದು 4,000. ಇಷ್ಟಕ್ಕೆ ಗೆದ್ದ ಮೇಲೆ ಪಾಲು ತಗೊಳ್ಳೋ ಲಾಯರ್ ಸಿಗೋದು ಬಹಳ ಕಷ್ಟ. ಸಣ್ಣ ಮೊತ್ತದ ಕೇಸುಗಳಿಗೆ ಇರೋ ನ್ಯೂಜೆರ್ಸಿ ಸ್ಮಾಲ್ ಕ್ಲೇಮ್ಸ್ ಕೋರ್ಟಲ್ಲಿ ಈಗ 5,000 ಡಾಲರ್ ತನಕ ಹಾಕಬಹುದು, ಲಾಯರ್ ಬೇಕಾಗಿಲ್ಲ, ಅದೊಂದು ದಾರಿ ಇದೆ ನಿಜ. ಆದ್ರೆ ಅಲ್ಲಿ ಆ ಲೋನ್ ಕಳ್ಳನಿಗೆ ನಿಮ್ಮ ನಂಬರ್ ಸಿಕ್ಕಿದ್ದು ಇದೇ ಕಂಪನಿಯಿಂದ ಅಂತ ನೀವೇ ಸಾಬೀತು ಮಾಡಬೇಕು. ಒಂದೇ ನಂಬರ್ ನಾಲ್ಕು ಕಡೆ ಲೀಕ್ ಆಗಿರೋ ಈ ಕಾಲದಲ್ಲಿ ಅದು ಸುಲಭ ಅಲ್ಲ. ಸೆಟಲ್‌ಮೆಂಟಲ್ಲಿ ಸಾಮಾನ್ಯವಾಗಿ ಅಷ್ಟು ಬಿಗಿ ಇರಲ್ಲ, ಸಮಯ, ಸಂದರ್ಭ ಹೊಂದಿದ್ರೆ ಒಪ್ತಾರೆ. ಇನ್ನೊಂದು, ಆ ಕಂಪನಿಯ ಟರ್ಮ್ಸ್‌ಗೆ ನೀವು ಐ ಅಗ್ರೀ ಒತ್ತಿದ್ರೆ ಅದರೊಳಗೆ ಆರ್ಬಿಟ್ರೇಷನ್ ಷರತ್ತು (ಜಗಳನ ಕೋರ್ಟಲ್ಲಲ್ಲ, ಖಾಸಗಿ ಮಧ್ಯಸ್ಥರ ಹತ್ರ ಬಗೆಹರಿಸ್ಕೊಳ್ಳಬೇಕು ಅಂತ) ಇರಬಹುದು, ಹಾಗಿದ್ರೆ ಕೋರ್ಟ್ ಬಾಗಿಲೇ ಮುಚ್ಚಿರಬಹುದು. ಕೇಸ್ ಹಾಕೋಕೆ ಇರೋ ಕಾಲಮಿತಿನೂ ನೋಡಿ: ಕ್ಲಾಸ್ ಕೇಸ್ ನಡೀತಿರುವಾಗ ಫೆಡರಲ್ (ಕೇಂದ್ರ ಕಾನೂನಿನ) ಕ್ಲೇಮುಗಳ ಕಾಲಮಿತಿ ನಿಂತಿರುತ್ತೆ, ನೀವು ಹೊರಗೆ ಬಂದ ಮೇಲೆ ಮತ್ತೆ ಶುರು, ರಾಜ್ಯ ಕಾನೂನಿನ ಕ್ಲೇಮಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ.

ಹಾಗಾಗಿ ನನ್ನ ಸಲಹೆ, ದಾಖಲೆ ಇರೋ ನಷ್ಟದ ಮಿತಿ 4,000ಕ್ಕಿಂತ ಜಾಸ್ತಿ ಇದ್ರೆ ಕಣ್ಮುಚ್ಚಿ ಒಳಗಿರಿ, ಎಲ್ಲಾ ರಸೀದಿ ಹಚ್ಚಿ ಕ್ಲೇಮ್ ಹಾಕಿ. ಮಿತಿ 500, 1,000 ಅಂತಿದ್ರೆ ಮಾತ್ರ ಆಪ್ಟ್ ಔಟ್ ಯೋಚನೆ ಮಾಡಿ, ಅದೂ ಪತ್ರ ಹಾಕೋಕೆ ಮುಂಚೆ ಅಲ್ಲಿನ ಕನ್ಸ್ಯೂಮರ್ ಲಾಯರ್ ಒಬ್ರ ಹತ್ರ ಮಾತಾಡಿ, ಮೊದಲ ಭೇಟಿಗೆ ಫೀಸ್ ತಗೊಳ್ಳದವರು ಸುಮಾರು ಜನ ಇದಾರೆ.

ಆಪ್ಟ್ ಔಟ್ ಮಾಡೋದೇ ಅಂತಾದ್ರೆ ಒಂದು ಹಾಳೆ ಸಾಕು: ಕೇಸಿನ ಹೆಸರು ನಂಬರು, ನಿಮ್ಮ ಪೂರ್ತಿ ಹೆಸರು ವಿಳಾಸ ಫೋನು, ಈ ಸೆಟಲ್‌ಮೆಂಟಿನಿಂದ ನನ್ನನ್ನ ಹೊರಗಿಡಿ ಅಂತ ಸ್ಪಷ್ಟವಾಗಿ ಒಂದು ಸಾಲು, ಕೆಳಗೆ ಪೆನ್ನಲ್ಲಿ ಸಹಿ. ನೋಟಿಸಲ್ಲಿ ಇನ್ನೇನಾದ್ರೂ ಕೇಳಿದ್ರೆ ಅದೂ. ಸರ್ಟಿಫೈಡ್ ಮೇಲಲ್ಲಿ ಕಳಿಸಿ ರಸೀದಿ ಇಟ್ಕೊಳ್ಳಿ. ಕ್ಲೇಮ್ ಫಾರ್ಮೂ ಹಾಕಿ ಇದನ್ನೂ ಕಳಿಸೋದು ಮಾತ್ರ ಬೇಡ, ಗೊಂದಲ ಆಗಿ ಎರಡೂ ಕೆಡಬಹುದು. ಡೇಟ್ ಹುಷಾರು, ಆಪ್ಟ್ ಔಟ್ ಡೆಡ್‌ಲೈನು ಕ್ಲೇಮ್ ಡೆಡ್‌ಲೈನಿಗಿಂತ ಮುಂಚೆನೇ ಮುಗಿಯೋದು ಜಾಸ್ತಿ. ಈಕ್ವಿಫ್ಯಾಕ್ಸಲ್ಲಿ ಹೊರಗೆ ಹೋಗೋಕೆ 2019ರ ನವೆಂಬರ್ 19 ಕೊನೆ, ಕ್ಲೇಮಿಗೆ 2020ರ ಜನವರಿ 22. ರಜೆಗೆ ಊರಿಗೆ ಬರೋರಿದ್ರೆ ಹೊರಡೋಕೆ ಮುಂಚೆನೇ ಹಾಕಿ, ಹಾಸನದಿಂದ ಪೋಸ್ಟ್ ಮಾಡಿ ಕಾಯೋ ಕೆಲಸ ಬೇಡ.

ನಿಮ್ಮ ಮನೆಯವ್ರ ಪೋಸ್ಟ್‌ಕಾರ್ಡ್ ಬೇರೆ ಲೆಕ್ಕ. ನಿಮ್ಮ ಪತ್ರ ಅವ್ರಿಗೆ ಅನ್ವಯಿಸಲ್ಲ, ಅವ್ರ ಸಹಿ ಅವ್ರೇ ಹಾಕಬೇಕು. ಅವ್ರಿಗೆ ಯಾವ ನಷ್ಟನೂ ಆಗಿಲ್ಲ ಅಂದ್ರೆ ಅವ್ರು ಹೇಳಿದ ಹಾಗೆ ಆ ನೂರು ಡಾಲರಿಗೆ ಕ್ಲೇಮ್ ಹಾಕ್ಲಿ, ಜೊತೆಗೆ ಕ್ರೆಡಿಟ್ ಮಾನಿಟರಿಂಗ್ (ನಮ್ಮ ಹೆಸರಲ್ಲಿ ಯಾರಾದ್ರೂ ಸಾಲ ತಗೊಂಡ್ರೆ ತಿಳಿಸೋ ಸೇವೆ) ಪುಕ್ಕಟೆ ಕೊಡ್ತಿದ್ರೆ ಅದನ್ನೂ ತಗೊಳ್ಳಲಿ.